ರೋಲೆಕ್ಸ್ ಡೇಟ್ ಮತ್ತು ಡೇಟ್‌ಜಸ್ಟ್: ಒಂದೇ ರೀತಿ ಕಾಣುವ ಎರಡು ಹಳೆಯ ವಾಚುಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಕಡಲತಡಿ (ಕುಂದಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1960ರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ಬಹರೇನ್‌ನಲ್ಲಿ ನೌಕರಿಯಲ್ಲಿದ್ದರು. ಊರಿಗೆ ಮರಳುವಾಗ ಅವರ ಬಳಿ ಎರಡು ರೋಲೆಕ್ಸ್ ವಾಚುಗಳಿದ್ದವು. ಅವರು ತೀರಿಕೊಂಡ ನಂತರ ಆಸ್ತಿ ಪಾಲಾಗುವ ಈ ಹೊತ್ತಿನಲ್ಲಿ, ವಾಚು ಒಂದು ಅಣ್ಣನಿಗೆ, ಒಂದು ನನಗೆ ಎಂದು ಅಮ್ಮ ಹೇಳಿದ್ದಾರೆ. ಯಾವುದು ಯಾರಿಗೆ ಎಂಬುದರಲ್ಲಿ ನಮ್ಮಿಬ್ಬರ ನಡುವೆ ತಕರಾರಿಲ್ಲ. ಆದರೆ ಪಾಲುಪಟ್ಟಿಯಲ್ಲಿ ಪ್ರತಿಯೊಂದರ ಮಾದರಿಯನ್ನೂ ಸರಿಯಾಗಿ ನಮೂದಿಸಬೇಕೆಂದು ವಕೀಲರು ಕೇಳಿರುವುದರಿಂದ, ಇವು ನಿಜವಾಗಿ ಯಾವ ಮಾದರಿಗಳು ಎಂದು ತಿಳಿದುಕೊಳ್ಳಲೇಬೇಕಾಗಿದೆ.

ಎರಡೂ ಸ್ಟೀಲ್ ವಾಚುಗಳು. ಎರಡಕ್ಕೂ ಬೆಳ್ಳಿ ಬಣ್ಣದ ಡಯಲ್, ಕಡ್ಡಿಯಂತಹ ಗಂಟೆ ಗುರುತುಗಳು, ಮೂರು ಗಂಟೆಯ ಜಾಗದಲ್ಲಿ ತಾರೀಖು, ಅದರ ಮೇಲೆ ಗಾಜಿನ ಸಣ್ಣ ಭೂತಕನ್ನಡಿ. ಒಂದರ ಡಯಲ್ ಮೇಲೆ ‘ಆಯ್‌ಸ್ಟರ್ ಪರ್ಪೆಚುವಲ್ ಡೇಟ್’ ಎಂದಿದೆ. ಇನ್ನೊಂದರ ಮೇಲೆ ‘ಆಯ್‌ಸ್ಟರ್ ಪರ್ಪೆಚುವಲ್ ಡೇಟ್‌ಜಸ್ಟ್’ ಎಂದಿದೆ. ಡೇಟ್ ಎಂದಿರುವುದರ ಬೆಜೆಲ್, ಅಂದರೆ ಗಾಜಿನ ಸುತ್ತಲಿನ ಉಂಗುರ, ನುಣುಪಾಗಿದೆ. ಡೇಟ್‌ಜಸ್ಟ್ ಎಂದಿರುವುದರ ಬೆಜೆಲ್‌ಗೆ ಸುತ್ತಲೂ ಗೀರುಗೀರಾದ ಏಣುಗಳಿವೆ.

ಇವನ್ನು ತೋರಿಸಿದ ಒಂದು ಅಂಗಡಿಯವರು, ‘ಎರಡೂ ಒಂದೇ ಮಾಡೆಲ್, ಒಂದಕ್ಕೆ ಡಯಲ್ ಮತ್ತು ಬೆಜೆಲ್ ಬದಲಿಸಿದ್ದಾರೆ ಅಷ್ಟೆ’ ಎಂದರು. ಇನ್ನೊಬ್ಬರು ಏಣುಗಳಿರುವ ಬೆಜೆಲ್ ಚಿನ್ನದ್ದಲ್ಲ, ಬರೀ ಸ್ಟೀಲು ಎಂದರು. ನನ್ನ ಗೊಂದಲಕ್ಕೆ ಬೇರೆ ಕಾರಣಗಳೂ ಇವೆ. ಸಮಯ ಹೊಂದಿಸಲು ಕೀ ಎಳೆದಾಗ ಡೇಟ್‌ನ ಸೆಕೆಂಡಿನ ಮುಳ್ಳು ನಿಲ್ಲುತ್ತದೆ. ಡೇಟ್‌ಜಸ್ಟ್‌ನದು ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಹೆಚ್ಚು ಬೆಲೆಯ ಮಾದರಿ ಎಂದು ಎಲ್ಲರೂ ಹೇಳುವ ವಾಚಿನಲ್ಲೇ ಈ ಸೌಕರ್ಯ ಇಲ್ಲದಿರುವುದನ್ನು ನೋಡಿ ಅದರ ಒಳಗಿನ ಮೆಷಿನ್ ಬದಲಾಗಿರಬಹುದೇ ಎಂಬ ಅನುಮಾನ ಬಂದಿದೆ. ಜೊತೆಗೆ ಡೇಟ್‌ಜಸ್ಟ್‌ಗೆ ಹಾಕಿರುವ ಮೂರು ಸಾಲಿನ ಚೈನ್ ಅಕ್ಕಪಕ್ಕ ಸ್ವಲ್ಪ ಅಲುಗಾಡುತ್ತದೆ. ಡೇಟ್‌ಗೆ ಚರ್ಮದ ಬೆಲ್ಟ್ ಇದೆ. ಬೀರುವಿನಲ್ಲಿ ಐದು ಸಾಲಿನ ಇನ್ನೊಂದು ಚೈನ್ ಸಿಕ್ಕಿದೆ. ಬಹಳ ಹಿಂದೆ ಎರಡೂ ವಾಚುಗಳನ್ನು ಒಟ್ಟಿಗೇ ಸರ್ವಿಸಿಗೆ ಕೊಟ್ಟದ್ದು ಅಮ್ಮನಿಗೆ ನೆನಪಿದೆ. ಮನೆಯಲ್ಲಿ ಉಳಿದಿರುವುದು ಒಂದೇ ಗ್ಯಾರಂಟಿ ಕಾಗದ. ಅದರಲ್ಲಿ ನಮಗೆ ಓದಲು ಆಗುತ್ತಿರುವುದು ಏಳು ಅಂಕಿಗಳ ಒಂದು ಸಂಖ್ಯೆ ಮಾತ್ರ.

ಡಯಲ್ ಮೇಲಿನ ಹೆಸರನ್ನು ನಂಬಬಹುದೇ? ನಂಬಲಾಗದಿದ್ದರೆ ಯಾವುದನ್ನು ನೋಡಬೇಕು? ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1: ಬಸವನಗುಡಿ ಸಂಗ್ರಾಹಕ

ಮೊದಲು ಅಂಗಡಿಯವರ ಮಾತನ್ನು ಬದಿಗಿಡಿ. ಡೇಟ್ ಮತ್ತು ಡೇಟ್‌ಜಸ್ಟ್ ಒಂದೇ ಮಾದರಿಯ ಎರಡು ಡಯಲ್‌ಗಳಲ್ಲ. ಅವು ಎರಡು ಬೇರೆ ಅಳತೆಯ ಕೇಸ್‌ಗಳಲ್ಲಿ, ಅಂದರೆ ಲೋಹದ ಹೊರಕವಚಗಳಲ್ಲಿ, ಬಂದ ಎರಡು ಬೇರೆ ವಾಚುಗಳು. ನೀವು ಹೇಳುತ್ತಿರುವ ಕಾಲದ ಡೇಟ್‌ನ ಕೇಸ್ 34 ಮಿಲಿಮೀಟರ್ ಅಗಲವಿದ್ದರೆ, ಗಂಡಸರ ಡೇಟ್‌ಜಸ್ಟ್‌ನ ಕೇಸ್ 36 ಮಿಲಿಮೀಟರ್ ಇರುತ್ತದೆ. ಚೈನ್ ಕೂರುವ ಎರಡು ಕಿವಿಗಳ ನಡುವಿನ ಅಂತರ ಡೇಟ್‌ನಲ್ಲಿ 19, ಡೇಟ್‌ಜಸ್ಟ್‌ನಲ್ಲಿ 20 ಮಿಲಿಮೀಟರ್. ಬೇರೆಬೇರೆಯಾಗಿ ಫೋಟೋದಲ್ಲಿ ನೋಡಿದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾರಾಟದ ಜಾಹೀರಾತುಗಳಲ್ಲಿ ಡೇಟ್ ಅನ್ನು ಡೇಟ್‌ಜಸ್ಟ್ ಎಂದು ಬರೆಯುವುದು ಅಷ್ಟೊಂದು ಸಾಮಾನ್ಯವಾಗಿರುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಒಂದು ವರ್ನಿಯರ್ ಕ್ಯಾಲಿಪರ್ ತನ್ನಿ. ಸಮಯ ಹೊಂದಿಸುವ ಕೀಯನ್ನು ಬಿಟ್ಟು, ಕೇಸ್‌ನ ಅಗಲವನ್ನು ಮಾತ್ರ ಅಳೆಯಿರಿ. ಕೇಸ್‌ಗೆ ಹಲವು ಸಲ ಪಾಲಿಶ್ ಹೊಡೆಸಿದ್ದರೂ ಅಗಲದಲ್ಲಿ ಎರಡು ಮಿಲಿಮೀಟರ್ ಕಳೆದುಹೋಗುವುದಿಲ್ಲ. ಇಷ್ಟರಲ್ಲೇ ನಿಮ್ಮ ಪ್ರಶ್ನೆಯ ಅರ್ಧಕ್ಕೆ ಉತ್ತರ ಸಿಗುತ್ತದೆ.

ಇನ್ನು ಮಾದರಿ ಸಂಖ್ಯೆಗಳ ವಿಷಯ. 1960 ಮತ್ತು 70ರ ದಶಕಗಳ ಡೇಟ್‌ಗಳಲ್ಲಿ ನುಣುಪು ಬೆಜೆಲ್ ಇರುವುದು 1500. ಯಂತ್ರದಲ್ಲಿ ಕೊರೆದ ಸೂಕ್ಷ್ಮ ಗೆರೆಗಳ ಸ್ಟೀಲ್ ಬೆಜೆಲ್ ಇರುವುದು 1501. ಅದೇ ಕಾಲದ ಡೇಟ್‌ಜಸ್ಟ್‌ಗಳಲ್ಲಿ ನುಣುಪು ಬೆಜೆಲ್‌ನದು 1600, ಏಣುಗಳಿರುವ ಚಿನ್ನದ ಬೆಜೆಲ್‌ನದು 1601, ಕೊರೆದ ಗೆರೆಗಳ ಸ್ಟೀಲ್ ಬೆಜೆಲ್‌ನದು 1603. 1977ರ ಸುಮಾರಿಗೆ ಡೇಟ್‌ಜಸ್ಟ್ ಐದು ಅಂಕಿಗೆ ಬದಲಾಯಿತು: 16000 ನುಣುಪಿನದು, 16014 ಬಿಳಿ ಚಿನ್ನದ ಏಣುಗಳದು, 16030 ಕೊರೆದ ಗೆರೆಗಳದು. 1988ರ ಸುಮಾರಿಗೆ ಬಂದ 16234 ಮತ್ತು ಅದರ ಒಡಹುಟ್ಟುಗಳಲ್ಲಿ ಪ್ಲಾಸ್ಟಿಕ್ ಗಾಜು ಹೋಗಿ ಸಫೈರ್ ಗಾಜು ಬಂತು. ನಿಮ್ಮ ವಾಚುಗಳ ಗಾಜು ಅಕ್ರಿಲಿಕ್ ಆಗಿದ್ದರೆ, ಅಂದರೆ ಉಗುರಿನಿಂದ ಮೆಲ್ಲಗೆ ತಟ್ಟಿದಾಗ ಪ್ಲಾಸ್ಟಿಕ್‌ನ ಮಂದ ಸದ್ದು ಬಂದರೆ, ಈ ಕೊನೆಯ ಪೀಳಿಗೆಯನ್ನು ಲೆಕ್ಕದಿಂದ ಬಿಡಬಹುದು.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಡೇಟ್‌ಜಸ್ಟ್‌ನಲ್ಲಿ ಕಾರ್ಖಾನೆಯಿಂದ ಬಂದ ಏಣುಗಳ ಬೆಜೆಲ್ ಚಿನ್ನದ್ದೇ. ಹಳದಿ ಚಿನ್ನವೋ ಬಿಳಿ ಚಿನ್ನವೋ ಎಂಬುದಷ್ಟೇ ವ್ಯತ್ಯಾಸ. ಆದ್ದರಿಂದ ನಿಮ್ಮ ವಾಚು ನಿಜವಾಗಿಯೂ 1601 ಆಗಿದ್ದು, ಎರಡನೆಯ ಅಂಗಡಿಯವರು ಹೇಳಿದಂತೆ ಬೆಜೆಲ್ ಬರೀ ಸ್ಟೀಲ್ ಆಗಿದ್ದರೆ, ಅದು ಹೊರಗಿನಿಂದ ತಂದು ಕೂರಿಸಿದ್ದು ಎಂದರ್ಥ. ಇದನ್ನು ಪರೀಕ್ಷಿಸುವ ಬಗೆಯನ್ನು ರಿಪೇರಿ ಬಲ್ಲವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಡಯಲ್‌ನ ಹೆಸರನ್ನು ನಂಬಬಹುದೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಹಳೆಯ ವಾಚಿನಲ್ಲಿ ಅತ್ಯಂತ ದುರ್ಬಲ ಸಾಕ್ಷಿ ಎಂದರೆ ಡಯಲ್. 1945ರಲ್ಲಿ ರೋಲೆಕ್ಸ್ ತನ್ನ ನಲವತ್ತನೆಯ ವರ್ಷದ ನೆನಪಿಗೆ ತಂದ ಮೊದಲ ಡೇಟ್‌ಜಸ್ಟ್‌ನ, ಅಂದರೆ 4467ರ, ಆರಂಭದ ವರ್ಷಗಳ ಡಯಲ್‌ಗಳ ಮೇಲೆ ಡೇಟ್‌ಜಸ್ಟ್ ಎಂಬ ಹೆಸರೇ ಇರಲಿಲ್ಲ. ಹೆಸರಿಲ್ಲದ ಅಸಲಿ ಡೇಟ್‌ಜಸ್ಟ್‌ಗಳು ಇದ್ದಂತೆಯೇ, ಹೆಸರು ಬರೆಸಿಕೊಂಡ ನಕಲಿಗಳೂ ಇವೆ. ಕೇಸ್‌ನ ಲೋಹದ ಮೇಲೆ ಕೊರೆದದ್ದಕ್ಕೆ ಮೊದಲ ಸ್ಥಾನ ಕೊಡಿ.

ಉತ್ತರ 2: ತುಮಕೂರು ವಾಚ್ ರಿಪೇರಿ

ಎಚ್‌ಎಂಟಿ ಕಾರ್ಖಾನೆಯಲ್ಲಿ ಕೆಲಸ ಮಾಡಿ, ನಿವೃತ್ತಿಯ ನಂತರ ರಿಪೇರಿಯನ್ನೇ ಮುಂದುವರಿಸಿಕೊಂಡು ಬಂದವನು ನಾನು. ಮೇಲಿನವರು ಹೇಳಿದ ಅಳತೆಗಳು ಸರಿಯಾಗಿವೆ. ಮುಂದಿನ ಹೆಜ್ಜೆಗಳನ್ನು ನಾನು ಹೇಳುತ್ತೇನೆ.

ಚೈನ್ ಮತ್ತು ಬೆಲ್ಟನ್ನು ಬಿಚ್ಚಿಸಿ. ಅವನ್ನು ಹಿಡಿದಿರುವ ಸ್ಪ್ರಿಂಗ್ ಬಾರ್ ತೆಗೆಯಲು ಚೂಪಾದ ಚಾಕು ಬಳಸಬೇಡಿ, ಅದಕ್ಕೆಂದೇ ಇರುವ ಸಣ್ಣ ಕವೆಯ ಉಪಕರಣ ಪ್ರತಿ ರಿಪೇರಿ ಅಂಗಡಿಯಲ್ಲೂ ಇರುತ್ತದೆ. ಬಿಚ್ಚಿದ ಮೇಲೆ ಕೇಸ್‌ನ ಪಕ್ಕೆಯಲ್ಲಿ, ಎರಡು ಕಿವಿಗಳ ನಡುವೆ ಕಾಣುವ ಗೋಡೆಯನ್ನು ಹಳೆಯ ಟೂತ್‌ಬ್ರಷ್ ಮತ್ತು ಸ್ವಲ್ಪ ಸೋಪಿನ ನೀರಿನಿಂದ ಮೆಲ್ಲಗೆ ಉಜ್ಜಿ. ಕೀ ಸರಿಯಾಗಿ ತಿರುಪಿ ಮುಚ್ಚಿದೆ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಅಷ್ಟು ಹಳೆಯ ವಾಚಿನ ರಬ್ಬರನ್ನು ನಂಬಿ ಅದನ್ನು ನೀರಿನಲ್ಲಿ ಮುಳುಗಿಸಬಾರದು. ಹನ್ನೆರಡು ಗಂಟೆಯ ಬದಿಯಲ್ಲಿ ಮಾದರಿ ಸಂಖ್ಯೆ ಇರುತ್ತದೆ: 1500, 1601 ಎಂಬಂತೆ. ಆರು ಗಂಟೆಯ ಬದಿಯಲ್ಲಿ ಆ ಒಂದು ವಾಚಿಗೆ ಮಾತ್ರ ಸೇರಿದ ಸರಣಿ ಸಂಖ್ಯೆ ಇರುತ್ತದೆ. ನಿಮ್ಮ ಗ್ಯಾರಂಟಿ ಕಾಗದದ ಏಳಂಕಿಯ ಸಂಖ್ಯೆ ಈ ಎರಡು ವಾಚುಗಳಲ್ಲಿ ಯಾವುದರ ಆರು ಗಂಟೆಯ ಬದಿಗೆ ಹೊಂದುತ್ತದೆಯೋ ಕಾಗದ ಅದರದ್ದು. ಅಕ್ಷರಗಳು ಆಳವಾಗಿ, ಅಂಚು ಚೂಪಾಗಿ, ಬೆಳಕು ತಾಗಿದರೆ ಮಿಂಚುವಂತೆ ಇರಬೇಕು. ಸಣ್ಣಸಣ್ಣ ಚುಕ್ಕೆಗಳಿಂದ ಕೊರೆದ ಸಂಖ್ಯೆ ಆ ಕಾಲದ್ದಲ್ಲ. ಕೆಲವು ವಾಚುಗಳಲ್ಲಿ ಚೈನಿನ ತುದಿ ಉಜ್ಜಿ, ಬೆವರು ಕೂತು ಆ ಜಾಗ ತಿಂದುಹೋಗಿರುತ್ತದೆ. ಆಗ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿದು ನೋಡಿದರೆ ಮಾಸಿದ ಅಂಕಿಗಳ ನೆರಳು ಕಾಣುತ್ತದೆ.

ಈಗ ಕೀಯ ಪರೀಕ್ಷೆ. ಇದು ವಾಚು ತೆರೆಯದೆಯೇ ಪೀಳಿಗೆಯನ್ನು ಹೇಳುತ್ತದೆ. ಕೀಯನ್ನು ಎಡಕ್ಕೆ ತಿರುಗಿಸಿ ಬಿಚ್ಚಿ, ಮೆಲ್ಲಗೆ ಹೊರಗೆಳೆಯಿರಿ. ಒಂದೇ ಹಂತಕ್ಕೆ ಬಂದು ನಿಂತು, ಅಲ್ಲಿ ಮುಳ್ಳುಗಳು ತಿರುಗಿದರೆ ಅದು ಹಳೆಯ ಪೀಳಿಗೆ. ಅದರಲ್ಲಿ ತಾರೀಖು ಬದಲಿಸಲು ಮುಳ್ಳುಗಳನ್ನೇ ನಡುರಾತ್ರಿ ದಾಟಿಸಬೇಕು. ಎರಡು ಹಂತಗಳಿದ್ದು, ಮೊದಲ ಹಂತದಲ್ಲಿ ತಾರೀಖು ಮಾತ್ರ ತಿರುಗಿದರೆ ಒಳಗಿರುವುದು 3035 ಎಂಬ ಸಂಖ್ಯೆಯ ಅಥವಾ ಅದಕ್ಕಿಂತ ಹೊಸ ಮೆಷಿನ್. ಡಯಲ್‌ನಲ್ಲಿ, ಕಾಗದದಲ್ಲಿ ಏನೇ ಬರೆದಿರಲಿ, 1601 ಎಂದು ಕೊರೆದ ಕೇಸ್‌ನಲ್ಲಿ ಎರಡು ಹಂತದ ಕೀ ಇದ್ದರೆ ಯಾವುದೋ ಕಾಲದಲ್ಲಿ ಮೆಷಿನ್ ಬದಲಾಗಿದೆ.

ನಿಮ್ಮ ಸೆಕೆಂಡಿನ ಮುಳ್ಳಿನ ಅನುಮಾನಕ್ಕೆ ಬರುತ್ತೇನೆ. 1500ರಲ್ಲೂ 1601ರಲ್ಲೂ ಇದ್ದದ್ದು ಒಂದೇ ಮೆಷಿನ್: 1960ರ ದಶಕದ ಮಧ್ಯದವರೆಗೆ 1565, ಆಮೇಲೆ 1575. ಇದೇ ಕಾರಣಕ್ಕೆ ಮೆಷಿನ್ ನೋಡಿ ಡೇಟ್ ಯಾವುದು, ಡೇಟ್‌ಜಸ್ಟ್ ಯಾವುದು ಎಂದು ಹೇಳಲು ಬರುವುದಿಲ್ಲ. ಕಾಲವನ್ನು ಮಾತ್ರ ಹೇಳಬಹುದು. 1565 ಗಂಟೆಗೆ 18,000 ಸಲ ಬಡಿಯುತ್ತದೆ, 1575 ಗಂಟೆಗೆ 19,800 ಸಲ, 3035 ಗಂಟೆಗೆ 28,800 ಸಲ. ಬಡಿತ ಅಳೆಯುವ ಟೈಮ್‌ಗ್ರಾಫರ್ ಯಂತ್ರದ ಮೇಲಿಟ್ಟರೆ ಅರ್ಧ ನಿಮಿಷದಲ್ಲಿ ಇದು ಗೊತ್ತಾಗುತ್ತದೆ. ಕೀ ಎಳೆದಾಗ ಸೆಕೆಂಡಿನ ಮುಳ್ಳು ನಿಲ್ಲುವ ವ್ಯವಸ್ಥೆ 1575ಕ್ಕೆ ಸೇರಿದ್ದು 1972ರ ಸುಮಾರಿಗೆ. ಆದ್ದರಿಂದ ನಿಮ್ಮ ಡೇಟ್‌ಜಸ್ಟ್ ಅದಕ್ಕಿಂತ ಮೊದಲಿನದು, ಡೇಟ್ ಅದರ ನಂತರದ್ದು ಎಂದಷ್ಟೇ ಈ ವ್ಯತ್ಯಾಸದ ಅರ್ಥವಿರಬಹುದು. ಬೆಲೆಗೂ ಅದಕ್ಕೂ ಸಂಬಂಧವಿಲ್ಲ.

ಹಿಂಬದಿಯ ಮುಚ್ಚಳ ತೆರೆಸುವುದಾದರೆ ಸರಿಯಾದ ಹಲ್ಲುಗಳ ತಿರುಪುವ ಉಪಕರಣ ಇರುವವರ ಬಳಿಯೇ ತೆರೆಸಿ. ಮುಚ್ಚಳದ ಅಂಚಿನ ಹಲ್ಲುಗಳ ಮೇಲೆ ಇಕ್ಕಳದ ಗಾಯಗಳಾದರೆ ಅವು ಶಾಶ್ವತ. ಒಳಗೆ ಎರಡು ವಿಷಯ ಹೆದರಿಸಬಹುದು, ಎರಡಕ್ಕೂ ಹೆದರುವ ಅಗತ್ಯವಿಲ್ಲ. ಮೊದಲನೆಯದು, ಮೆಷಿನ್ ಮೇಲೆ 1575 ಎಂದಿರದೆ 1570 ಎಂದಿರುತ್ತದೆ. ತಾರೀಖು ಇಲ್ಲದ 1570ಕ್ಕೂ ತಾರೀಖಿನ 1575ಕ್ಕೂ ಅದೇ ಸೇತುವೆಯನ್ನು, ಅಂದರೆ ಒಳಗಿನ ಭಾಗಗಳನ್ನು ಹಿಡಿದಿಡುವ ಲೋಹದ ಪಟ್ಟಿಯನ್ನು, ಹಾಕುತ್ತಿದ್ದರು. ಎರಡನೆಯದು, 1601ರ ಮುಚ್ಚಳದ ಒಳಗೆ 1600 ಎಂದು ಕೊರೆದಿರಬಹುದು. ಆ ಸರಣಿಗೆಲ್ಲ ಮುಚ್ಚಳ ಒಂದೇ ಆಗಿದ್ದುದರಿಂದ ಇದೂ ಸಹಜ. 1970ರ ದಶಕದ ಆರಂಭದವರೆಗಿನ ಮುಚ್ಚಳಗಳ ಒಳಗೆ ರೋಮನ್ ಅಂಕಿಯೊಂದು, ಪಕ್ಕದಲ್ಲಿ ವರ್ಷದ ಎರಡು ಅಂಕಿಗಳು ಇರುತ್ತವೆ. ರೋಮನ್ ಎರಡು ಮತ್ತು 68 ಎಂದಿದ್ದರೆ ಮುಚ್ಚಳ ತಯಾರಾದದ್ದು 1968ರ ಎರಡನೆಯ ತ್ರೈಮಾಸಿಕದಲ್ಲಿ. ಇದು ಸರಣಿ ಸಂಖ್ಯೆ ಸೂಚಿಸುವ ವರ್ಷಕ್ಕೆ ಹತ್ತಿರವಿರಬೇಕು.

ಉತ್ತರ 3: ದೇರಾ ಕನ್ನಡಿಗ (ದುಬೈ)

ಡಯಲ್ ದುರ್ಬಲ ಸಾಕ್ಷಿ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಡಯಲ್‌ನ ಹೆಸರು ದುರ್ಬಲ ಸಾಕ್ಷಿ ಇರಬಹುದು, ಡಯಲ್ ಹಾಗಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಅದನ್ನು ನೋಡಿದರೆ ವಾಚಿನ ಇಡೀ ಚರಿತ್ರೆ ಕಾಣುತ್ತದೆ.

ಮೊದಲನೆಯದಾಗಿ, 36 ಮಿಲಿಮೀಟರ್ ಡೇಟ್‌ಜಸ್ಟ್‌ನ ಡಯಲ್ 34 ಮಿಲಿಮೀಟರ್ ಡೇಟ್‌ನ ಡಯಲ್‌ಗಿಂತ ದೊಡ್ಡದು. ಮೆಷಿನ್ ಒಂದೇ ಆದರೂ ದೊಡ್ಡ ಡಯಲನ್ನು ಸುತ್ತಲೂ ಅರೆದು ಸಣ್ಣದು ಮಾಡದೆ ಡೇಟ್‌ನ ಕೇಸ್ ಒಳಗೆ ಕೂರಿಸಲಾಗದು. ಹಾಗೆ ಅರೆದರೆ ಅಂಚಿನ ನಿಮಿಷದ ಗೆರೆಗಳು ಮೊಟಕಾಗಿ ಬೆಜೆಲ್‌ನ ಕೆಳಗೆ ಮರೆಯಾಗುತ್ತವೆ. ನಿಮ್ಮ ಎರಡೂ ವಾಚುಗಳಲ್ಲಿ ನಿಮಿಷದ ಗೆರೆಗಳು ಪೂರ್ತಿ ಕಾಣುತ್ತಿದ್ದು, ಗೆರೆಯ ಹೊರಗೆ ಸಣ್ಣದೊಂದು ಅಂಚು ಎಲ್ಲ ಕಡೆ ಒಂದೇ ಸಮನಾಗಿ ಉಳಿದಿದ್ದರೆ, ಡಯಲ್ ಅದಲುಬದಲಾಗಿದೆ ಎಂಬ ಅಂಗಡಿಯವರ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಎರಡನೆಯದಾಗಿ, ಆರು ಗಂಟೆಯ ಗುರುತಿನ ಕೆಳಗೆ ಡಯಲ್‌ನ ಕಟ್ಟಕಡೆಯ ಅಂಚಿನಲ್ಲಿರುವ ಪುಟ್ಟ ಅಕ್ಷರಗಳನ್ನು ಓದಿ. 1960ರ ದಶಕದ ಮಧ್ಯದಿಂದ 90ರ ದಶಕದ ಕೊನೆಯವರೆಗೆ ರೋಲೆಕ್ಸ್ ಕತ್ತಲಲ್ಲಿ ಹೊಳೆಯುವ ಗುರುತುಗಳಿಗೆ ಟ್ರಿಷಿಯಂ ಎಂಬ ವಿಕಿರಣಶೀಲ ವಸ್ತು ಬಳಸುತ್ತಿತ್ತು. ಆಗ ಸ್ವಿಸ್ ಎಂಬ ಪದದ ಎರಡೂ ಬದಿಗೆ ಟಿ ಅಕ್ಷರ ಇರುತ್ತಿತ್ತು. ಟ್ರಿಷಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷ. ಐವತ್ತು ವರ್ಷ ಕಳೆದ ಡಯಲ್‌ನಲ್ಲಿ ನಾಲ್ಕು ಅರ್ಧಾಯುಷ್ಯಗಳು ಮುಗಿದು ಮೂಲ ಶಕ್ತಿಯ ಹದಿನಾರನೆಯ ಒಂದು ಪಾಲು ಉಳಿದಿರುತ್ತದೆ, ಹಾಗಾಗಿ ಕತ್ತಲಲ್ಲಿ ಅದು ಹೆಚ್ಚುಕಡಿಮೆ ಸತ್ತಂತೆಯೇ. 1970ರ ವಾಚಿನ ಚುಕ್ಕೆಗಳು ರಾತ್ರಿ ಹಸಿರಾಗಿ ಬೆಳಗುತ್ತಿದ್ದರೆ ಒಂದೋ ಡಯಲನ್ನು ಸರ್ವಿಸಿನಲ್ಲಿ ಬದಲಿಸಿದ್ದಾರೆ, ಇಲ್ಲವೇ ಹೊಸ ಬಣ್ಣ ತುಂಬಿದ್ದಾರೆ. ಆದರೆ ಒಂದು ಎಚ್ಚರಿಕೆ: ಹೊಳೆಯುವ ಚುಕ್ಕೆಗಳೇ ಇಲ್ಲದ ಡಯಲ್‌ಗಳೂ ಆ ಕಾಲದಲ್ಲಿ ಬಂದಿವೆ, ಅವುಗಳಲ್ಲಿ ಟಿ ಅಕ್ಷರ ಇರಬೇಕಾಗಿಲ್ಲ. ಟಿ ಇಲ್ಲ ಎಂದ ಮಾತ್ರಕ್ಕೆ ನಕಲಿ ಎನ್ನಬೇಡಿ. 1970ರ ದಶಕದ ಕೆಲವು ಡಯಲ್‌ಗಳಲ್ಲಿ ಇದೇ ಸಾಲಿನ ಎರಡು ತುದಿಗೆ ಗ್ರೀಕ್ ಭಾಷೆಯ ಸಣ್ಣ ಸಿಗ್ಮಾ ಅಕ್ಷರವೂ ಇರುತ್ತದೆ. ಗಂಟೆಯ ಗುರುತುಗಳು ಚಿನ್ನದವು ಎಂದು ಅದರ ಅರ್ಥ.

ಮೂರನೆಯದು ಮರುಬಣ್ಣದ ಪ್ರಶ್ನೆ. ನಮ್ಮ ದೇಶದಲ್ಲಿ ಡಯಲ್ ಮಾಸಿದರೆ ಹೊಸದಾಗಿ ಬಣ್ಣ ಹೊಡೆಸಿ ಅಕ್ಷರ ಅಚ್ಚು ಹಾಕಿಸುವುದು ಬಹಳ ಕಾಲದಿಂದ ನಡೆದುಬಂದಿದೆ, ಮುಂಬೈಯಿಂದ ಹೊರಬೀಳುವ ಹಳೆಯ ವಾಚುಗಳಲ್ಲಿ ಇದು ಹೆಚ್ಚು. ಅಸಲಿ ಡಯಲ್‌ನಲ್ಲಿ ಅಕ್ಷರದ ಅಂಚು ಕತ್ತರಿಸಿದಂತೆ ನೇರವಾಗಿರುತ್ತದೆ, ಅಕ್ಷರಗಳ ನಡುವಿನ ಅಂತರ ಸಮವಾಗಿರುತ್ತದೆ. ಮರುಬಣ್ಣದಲ್ಲಿ ಕಿರೀಟದ ಐದು ಮೊನೆಗಳು ದಪ್ಪಗಾಗಿ, ಶಾಯಿ ಸ್ವಲ್ಪ ಹರಡಿಕೊಂಡು, ನಿಮಿಷದ ಗೆರೆ ಗಂಟೆಯ ಗುರುತಿನ ನಡುಮಧ್ಯಕ್ಕೆ ಕೂರದೆ ಪಕ್ಕಕ್ಕೆ ಜಾರಿರುತ್ತದೆ. ತಾರೀಖಿನ ಕಿಟಕಿಯ ಅಂಚನ್ನೂ ನೋಡಿ. ಬಣ್ಣ ದಪ್ಪವಾಗಿ ಒಳಕ್ಕೆ ಇಳಿದಿದ್ದರೆ ಅದು ಕುಂಚದ ಕೆಲಸ.

ಕೊಲ್ಲಿಯಿಂದ ಬಂದ ವಾಚುಗಳಲ್ಲಿ ಇನ್ನೆರಡು ಹೆಸರುಗಳು ಈ ಗೊಂದಲಕ್ಕೆ ಸೇರಿಕೊಳ್ಳುತ್ತವೆ. ಆಯ್‌ಸ್ಟರ್‌ಡೇಟ್ ಪ್ರಿಸಿಷನ್, ಅಂದರೆ 6694, ಕೂಡ 34 ಮಿಲಿಮೀಟರ್‌ನದೇ, ತಾರೀಖೂ ಇದೆ. ಆದರೆ ಅದಕ್ಕೆ ದಿನವೂ ಕೈಯಿಂದ ಕೀ ಕೊಡಬೇಕು. ಅದರ ಡಯಲ್‌ನಲ್ಲಿ ಪರ್ಪೆಚುವಲ್ ಎಂಬ ಪದ ಇರುವುದಿಲ್ಲ, ಡೇಟ್‌ನಲ್ಲೂ ಡೇಟ್‌ಜಸ್ಟ್‌ನಲ್ಲೂ ಕೆಳಗಡೆ ಬರುವ ಕ್ರೋನೋಮೀಟರ್ ಪ್ರಮಾಣದ, ಅಂದರೆ ನಿಖರತೆ ಪರೀಕ್ಷೆಯಾದದ್ದನ್ನು ಹೇಳುವ, ಎರಡು ಸಾಲುಗಳೂ ಇರುವುದಿಲ್ಲ. ಟ್ಯೂಡರ್ ಪ್ರಿನ್ಸ್ ಆಯ್‌ಸ್ಟರ್‌ಡೇಟ್ ರೋಲೆಕ್ಸ್‌ನದೇ ಸಂಗಡಿ ಕಂಪನಿಯದು. ಅದರ ಕೀಯ ಮೇಲೆ ರೋಲೆಕ್ಸ್ ಕಿರೀಟ, ಹಲವು ವಾಚುಗಳ ಹಿಂಬದಿಯ ಮುಚ್ಚಳದ ಮೇಲೆ ರೋಲೆಕ್ಸ್ ಹೆಸರು ಇರುತ್ತದೆ, ಒಳಗಿನ ಮೆಷಿನ್ ಮಾತ್ರ ಬೇರೆ. ಟ್ಯೂಡರ್ ಕೇಸ್‌ಗೆ ರೋಲೆಕ್ಸ್ ಡಯಲ್ ಕೂರಿಸಿ ಮಾರುವವರು ಇರುವುದರಿಂದ, ತುಮಕೂರಿನವರು ಹೇಳಿದಂತೆ ಮುಚ್ಚಳ ತೆರೆಸಿ ಮೆಷಿನ್ ಮೇಲಿನ ಹೆಸರನ್ನು ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು.

ಉತ್ತರ 4: ಬಸವನಗುಡಿ ಸಂಗ್ರಾಹಕ

ದೇರಾದವರು ಹೇಳಿದ ಡಯಲ್‌ನ ಅಳತೆಯ ವಿಚಾರ ಬಹಳ ಉಪಯುಕ್ತವಾಗಿದೆ. ಆದರೂ ಕ್ರಮದ ಬಗ್ಗೆ ನನ್ನ ನಿಲುವು ಬದಲಾಗಿಲ್ಲ. ಡಯಲ್ ಅಸಲಿಯೇ ಎಂದು ತೀರ್ಮಾನಿಸಲು ನೂರಾರು ಡಯಲ್‌ಗಳನ್ನು ನೋಡಿ ಪಳಗಿದ ಕಣ್ಣು ಬೇಕು. ಕಿವಿಗಳ ನಡುವಿನ ಸಂಖ್ಯೆ ಓದಲು ಬೆಳಕು ಮತ್ತು ತಾಳ್ಮೆ ಸಾಕು. ಕುಂದಾಪುರದವರು ಎರಡನೆಯದರಿಂದ ಆರಂಭಿಸಿ, ಡಯಲನ್ನು ಅದರೊಂದಿಗೆ ತಾಳೆ ನೋಡಲಿ. ಫೋಟೋ ಹಾಕುವುದಾದರೆ ಸರಣಿ ಸಂಖ್ಯೆಯ ಕೊನೆಯ ಮೂರು ಅಂಕಿಗಳನ್ನು ಮರೆಮಾಡಿ. ಅಸಲಿ ವಾಚುಗಳ ಸಂಖ್ಯೆಯನ್ನು ನಕಲಿ ಕೇಸ್‌ಗಳಿಗೆ ಕೊರೆದುಕೊಳ್ಳುವವರಿದ್ದಾರೆ.

ಪ್ರಶ್ನೆ ಕೇಳಿದವರಿಂದ: ಕಡಲತಡಿ

ಎಲ್ಲರಿಗೂ ಅನಂತ ಧನ್ಯವಾದಗಳು. ನೀವು ಹೇಳಿದಂತೆಯೇ ಅಣ್ಣನೂ ನಾನೂ ಕೂತು ನೋಡಿದೆವು. ಮುಚ್ಚಳವನ್ನು ಮಾತ್ರ ಸರಿಯಾದ ತಿರುಪುವ ಉಪಕರಣ ಇರುವ ಒಬ್ಬ ಅನುಭವಿ ರಿಪೇರಿಯವರ ಬಳಿ, ನಮ್ಮ ಎದುರೇ ತೆರೆಸಿದೆವು.

ಡೇಟ್ ಎಂದು ಬರೆದಿರುವ ವಾಚು 34 ಮಿಲಿಮೀಟರ್ ಇದೆ, ಕಿವಿಗಳ ನಡುವೆ 19. ಹನ್ನೆರಡು ಗಂಟೆಯ ಬದಿಯಲ್ಲಿ 1500 ಎಂದು ಸ್ಪಷ್ಟವಾಗಿದೆ. ಸರಣಿ ಸಂಖ್ಯೆ 34 ಲಕ್ಷದಿಂದ ಆರಂಭವಾಗುತ್ತದೆ. ಗ್ಯಾರಂಟಿ ಕಾಗದದ ಸಂಖ್ಯೆ ಅಂಕಿಗೆ ಅಂಕಿ ಇದಕ್ಕೇ ಹೊಂದಿತು. ಡೇಟ್‌ಜಸ್ಟ್ ಎಂದಿರುವುದು 36 ಮಿಲಿಮೀಟರ್. ಕಿವಿಗಳ ನಡುವೆ 20. ಸಂಖ್ಯೆಯ ಜಾಗ ತುಂಬಾ ತಿಂದುಹೋಗಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಾಗ ಮೊದಲು 16 ಕಂಡಿತು, ಆಮೇಲೆ ಸೊನ್ನೆ, ಕೊನೆಗೆ ಒಂದು. ಸರಣಿ ಸಂಖ್ಯೆ 27 ಲಕ್ಷದ್ದು. ಮುಚ್ಚಳದ ಒಳಗೆ 1600 ಎಂದೂ ಪಕ್ಕದಲ್ಲಿ ರೋಮನ್ ನಾಲ್ಕು ಮತ್ತು 70 ಎಂದೂ ಇದೆ. ಎರಡರ ಮೆಷಿನ್ ಮೇಲೂ ರೋಲೆಕ್ಸ್ ಹೆಸರಿನ ಜೊತೆ 1570 ಎಂದಿದೆ. ಎರಡರ ಕೀಯೂ ಒಂದೇ ಹಂತಕ್ಕೆ ಬರುತ್ತದೆ. ನಿಮಿಷದ ಗೆರೆಗಳು ಎರಡರಲ್ಲೂ ಪೂರ್ತಿ ಇವೆ, ಎರಡರಲ್ಲೂ ಸ್ವಿಸ್‌ನ ಅಕ್ಕಪಕ್ಕ ಟಿ ಇದೆ, ಕತ್ತಲಲ್ಲಿ ಎರಡೂ ಬೆಳಗುವುದಿಲ್ಲ.

ಚೈನಿನ ಅಲುಗಾಟಕ್ಕೂ ಕಾರಣ ಸಿಕ್ಕಿತೆಂದು ತೋರುತ್ತದೆ. ಡೇಟ್‌ಜಸ್ಟ್‌ಗೆ ಹಾಕಿದ್ದ ಮೂರು ಸಾಲಿನ ಚೈನಿನ ತುದಿ ಅಳೆದಾಗ 19 ಮಿಲಿಮೀಟರ್ ಬಂತು. ಒಳಬದಿಯಲ್ಲಿ 7835 ಎಂದೂ ಬಕಲ್ ಒಳಗೆ 1 ಮತ್ತು 73 ಎಂದೂ ಇದೆ. ಬೀರುವಿನಲ್ಲಿದ್ದ ಐದು ಸಾಲಿನದರ ಮೇಲೆ 6251 ಎಚ್ ಎಂದಿದ್ದು, ಅದರ ತುದಿಯ ಬಾಗಿದ ತುಂಡಿನ ಹಿಂಭಾಗದಲ್ಲಿ 55 ಎಂದಿದೆ. ಅಂದರೆ ಅಂದಿನ ಸರ್ವಿಸಿನಲ್ಲಿ ಚೈನ್‌ಗಳು ಅದಲುಬದಲಾದವೇ? ಬೆಜೆಲ್‌ನ ಪ್ರಶ್ನೆ ಹಾಗೆಯೇ ಉಳಿದಿದೆ. ಅಯಸ್ಕಾಂತ ಹಿಡಿದು ನೋಡಿದೆವು, ಅಂಟಲಿಲ್ಲ. ಚಿನ್ನ ಎನ್ನಲು ಅಷ್ಟು ಸಾಕೇ?

ಉತ್ತರ 5: ತುಮಕೂರು ವಾಚ್ ರಿಪೇರಿ

ನೀವು ಕೊಟ್ಟ ವಿವರಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. 27 ಲಕ್ಷದ ಸರಣಿ ಸಂಖ್ಯೆ ಅಂದಾಜು 1970–71ರದ್ದು. ಮುಚ್ಚಳದೊಳಗಿನ 1970ರ ಕೊನೆಯ ತ್ರೈಮಾಸಿಕ ಅದಕ್ಕೆ ಸರಿಯಾಗಿ ಕೂರುತ್ತದೆ, ಸೆಕೆಂಡಿನ ಮುಳ್ಳು ನಿಲ್ಲದಿರುವುದೂ ಅದಕ್ಕೇ ತಕ್ಕುದಾಗಿದೆ. 34 ಲಕ್ಷದ್ದು ಅಂದಾಜು 1973ರದ್ದು. ಅದರಲ್ಲಿ ಮುಳ್ಳು ನಿಲ್ಲಲೇಬೇಕು. ಮೆಷಿನ್ ಬದಲಾಗಿದೆ ಎಂಬ ಅನುಮಾನವನ್ನು ಬಿಡಬಹುದು.

ಚೈನ್‌ಗಳ ವಿಷಯದಲ್ಲಿ ನಿಮ್ಮ ಊಹೆ ಸರಿ. 7835 ಎಂಬುದು 19 ಮಿಲಿಮೀಟರ್‌ನ ಆಯ್‌ಸ್ಟರ್ ಚೈನ್, ಬಕಲ್‌ನ ಒಳಗಿನ ಗುರುತು 1973ರ ಮೊದಲ ತ್ರೈಮಾಸಿಕವನ್ನು ಹೇಳುತ್ತದೆ; ಅದು ನಿಮ್ಮ 1500ರದ್ದೇ ಎನ್ನಲು ಇಷ್ಟು ಸಾಕು. ಅದನ್ನು 20 ಮಿಲಿಮೀಟರ್ ಜಾಗಕ್ಕೆ ಹಾಕಿದ್ದರಿಂದ ಎರಡೂ ಪಕ್ಕ ಅರ್ಧ ಮಿಲಿಮೀಟರ್ ಬಿಡುವು ಉಳಿದು ಚೈನ್ ಅಲುಗಾಡುತ್ತಿತ್ತು. 6251 ಎಚ್ ಎಂಬುದು ಜುಬಿಲಿ ಚೈನ್; 55 ಸಂಖ್ಯೆಯ ತುದಿ 36 ಮಿಲಿಮೀಟರ್ ಡೇಟ್‌ಜಸ್ಟ್‌ಗೆ ಮಾಡಿದ್ದು. ಅದು ಸಣ್ಣ ವಾಚಿನ ಕಿವಿಗಳ ನಡುವೆ ಇಳಿಯುವುದೇ ಇಲ್ಲವಾದ್ದರಿಂದ ಡೇಟ್‌ಗೆ ಬೆಲ್ಟ್ ಹಾಕಿ, ಜುಬಿಲಿಯನ್ನು ಹಾಗೆಯೇ ಕಟ್ಟಿ ಕೊಟ್ಟಿರಬೇಕು. ಎರಡನ್ನೂ ಅದರದರ ವಾಚಿಗೆ ಹಾಕಿಸಿ. ಜುಬಿಲಿಯ ಕೊಂಡಿಗಳು ತಗಡನ್ನು ಮಡಚಿ ಮಾಡಿದವು. ಅಡ್ಡ ಹಿಡಿದಾಗ ಚೈನ್ ಕೆಳಗೆ ಜೋತುಬಿದ್ದರೆ ಅದು ಸವೆತ, ನಕಲಿಯ ಗುರುತಲ್ಲ.

ಬೆಜೆಲ್‌ಗೆ ಅಯಸ್ಕಾಂತದ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ವಾಚಿಗೆ ಬಳಸುವ ಸ್ಟೀಲಿಗೂ ಅದು ಅಂಟುವುದಿಲ್ಲ, ಚಿನ್ನಕ್ಕೂ ಅಂಟುವುದಿಲ್ಲ. ಹಗಲು ಬೆಳಕಿನಲ್ಲಿ ಬೆಜೆಲನ್ನೂ ಅದರ ಕೆಳಗಿನ ಕೇಸ್‌ನ ಪಕ್ಕೆಯನ್ನೂ ಒಟ್ಟಿಗೆ ನೋಡಿ: ಹಳೆಯ ಬಿಳಿ ಚಿನ್ನಕ್ಕೆ ಸ್ಟೀಲಿಗಿಂತ ಸ್ವಲ್ಪ ಬೆಚ್ಚಗಿನ, ತುಸು ಹಳದಿ ಸುಳಿಯುವ ಛಾಯೆ ಇರುತ್ತದೆ, ಏಣುಗಳ ನೆತ್ತಿ ಸವೆದು ಮೃದುವಾಗಿರುತ್ತದೆ. ಹೊರಗಿನ ಸ್ಟೀಲ್ ಬೆಜೆಲ್‌ನ ಬಣ್ಣ ಕೇಸ್‌ನ ಬಣ್ಣದಲ್ಲೇ ಕರಗಿಹೋಗುತ್ತದೆ. ಖಚಿತವಾಗಬೇಕಾದರೆ ಮುಂದಿನ ಸಲ ಗಾಜು ಬದಲಿಸುವಾಗ ಬೆಜೆಲ್ ಬಿಚ್ಚಲೇಬೇಕಾಗುತ್ತದೆ. ಆಗ ಅದರ ಅಡಿಭಾಗದಲ್ಲಿ ಚಿನ್ನದ ಮುದ್ರೆ ಇದೆಯೇ ನೋಡಿಸಿ. ಬಿಚ್ಚಿದ ಬೆಜೆಲನ್ನು ಆಭರಣದಂಗಡಿಗಳಲ್ಲಿರುವ ಕ್ಯಾರೆಟ್ ಪರೀಕ್ಷೆಯ ಎಕ್ಸ್-ರೇ ಯಂತ್ರದಲ್ಲಿಟ್ಟರೆ ಗೀರದೆ, ಕರಗಿಸದೆ ಪ್ರಮಾಣ ಗೊತ್ತಾಗುತ್ತದೆ. 18 ಕ್ಯಾರೆಟ್ ಆದರೆ ಸಾವಿರಕ್ಕೆ 750ರ ಆಸುಪಾಸು, 14 ಕ್ಯಾರೆಟ್ ಆದರೆ 585ರ ಆಸುಪಾಸು ಬರಬೇಕು. ಯಂತ್ರ ಓದುವುದು ಮೇಲ್ಮೈಯನ್ನು ಮಾತ್ರವಾದ್ದರಿಂದ ಒಳಗಿನ, ಸವೆಯದ ಭಾಗದಲ್ಲಿ ಓದಿಸಿ.

ಪಾಲುಪಟ್ಟಿಯಲ್ಲಿ ಹೀಗೆ ಬರೆಸಬಹುದು. ಒಂದನೆಯದು: ರೋಲೆಕ್ಸ್ ಆಯ್‌ಸ್ಟರ್ ಪರ್ಪೆಚುವಲ್ ಡೇಟ್, ಮಾದರಿ 1500, 34 ಮಿಲಿಮೀಟರ್, ಸ್ಟೀಲ್, 7835 ಚೈನ್ ಮತ್ತು ಗ್ಯಾರಂಟಿ ಕಾಗದ ಸಹಿತ. ಎರಡನೆಯದು: ರೋಲೆಕ್ಸ್ ಆಯ್‌ಸ್ಟರ್ ಪರ್ಪೆಚುವಲ್ ಡೇಟ್‌ಜಸ್ಟ್, ಮಾದರಿ 1601, 36 ಮಿಲಿಮೀಟರ್, ಸ್ಟೀಲ್ ಕೇಸ್, ಏಣುಗಳ ಬೆಜೆಲ್, 6251 ಎಚ್ ಜುಬಿಲಿ ಚೈನ್ ಸಹಿತ. ಎರಡಕ್ಕೂ ಪೂರ್ಣ ಸರಣಿ ಸಂಖ್ಯೆಯನ್ನು ನಮೂದಿಸಿ. ಬೆಜೆಲ್‌ನ ಲೋಹದ ಹೆಸರನ್ನು ಪರೀಕ್ಷೆ ಮುಗಿಯುವವರೆಗೆ ಬರೆಯಬೇಡಿ.